ಡ್ವೈಟ್ ಹೊವಾರ್ಡ್ ಟ್ರೇಡ್: ಅಂದಿನ ತೀರ್ಪು, ಆಮೇಲಿನ ಲೆಕ್ಕ

2012ರ ಆಗಸ್ಟ್ 10ರಂದು ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗಿನ ನಾಲ್ಕು ತಂಡಗಳು ಸೇರಿ ಒಂದು ದೊಡ್ಡ ಟ್ರೇಡ್ ಮುಗಿಸಿದವು. ಆರ್ಲಾಂಡೊ ಮ್ಯಾಜಿಕ್‌ನ ಸೆಂಟರ್ (ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ) ಡ್ವೈಟ್ ಹೊವಾರ್ಡ್ ಲಾಸ್ ಏಂಜಲೀಸ್ ಲೇಕರ್ಸ್ ಪಾಲಾದರು. ಲೇಕರ್ಸ್‌ನ ಸೆಂಟರ್ ಆಂಡ್ರೂ ಬೈನಮ್ ಫಿಲಡೆಲ್ಫಿಯಾಗೆ, ಫಿಲಡೆಲ್ಫಿಯಾದ ಆಂಡ್ರೆ ಇಗ್ವಡಾಲಾ ಡೆನ್ವರ್‌ಗೆ ಹೋದರು. ಹೊವಾರ್ಡ್ ಅವರನ್ನು ಬಿಟ್ಟುಕೊಟ್ಟ ಆರ್ಲಾಂಡೊಗೆ ಬಂದವರು ಅರಾನ್ ಅಫ್ಲಾಲೊ, ಅಲ್ ಹ್ಯಾರಿಂಗ್ಟನ್, ನಿಕೊಲಾ ವುಚೆವಿಚ್, ಮೋ ಹಾರ್ಕ್‌ಲೆಸ್ ಮತ್ತಿತರರು. ಜೊತೆಗೆ ಮುಂದಿನ ವರ್ಷಗಳ ಕೆಲವು ಡ್ರಾಫ್ಟ್ ಹಕ್ಕುಗಳು, ಅಂದರೆ ಲೀಗಿಗೆ ಬರುವ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಹಕ್ಕುಗಳು. ಆ ಗುಂಪಿನಲ್ಲಿ ಒಬ್ಬರೂ ಅಲ್ಲಿಯವರೆಗೆ ಆಲ್‌ಸ್ಟಾರ್ ಪಂದ್ಯ ಆಡಿದವರಲ್ಲ.

ಹೊವಾರ್ಡ್ ಎಂದರೆ 2009ರಿಂದ 2011ರವರೆಗೆ ಸತತ ಮೂರು ಸಲ ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರ ಪ್ರಶಸ್ತಿ ಗೆದ್ದವರು, 2009ರಲ್ಲಿ ತಂಡವನ್ನು ಫೈನಲ್ಸ್‌ಗೆ ಮುಟ್ಟಿಸಿದವರು. ಅಂಥವರನ್ನು ಕೊಟ್ಟು ಆರ್ಲಾಂಡೊ ಕೈಗೆ ಚಿಪ್ಪು ತಂದುಕೊಂಡಿತು ಎಂಬ ಮಾತು ಅಂದೇ ಎಲ್ಲೆಡೆ ಹಬ್ಬಿತು. ಸ್ಟಾರ್ ಸೆಂಟರ್ ಒಬ್ಬರು ತಂಡ ಬದಲಿಸಬೇಕು ಎಂದಾಗಲೆಲ್ಲ ಇದೇ ಬಗೆಯ ವಾದಗಳು ಮತ್ತೆ ಮತ್ತೆ ಏಳುತ್ತವೆ. ಅವುಗಳಲ್ಲಿ ಹೆಚ್ಚಿನವು ತಪ್ಪು ಕಲ್ಪನೆಯ ಮೇಲೆ ನಿಂತಿರುತ್ತವೆ. ಹೊವಾರ್ಡ್ ಪ್ರಕರಣದಲ್ಲಿ ತಂಡಗಳಿಗೆ ಕೊನೆಗೆ ಏನು ದಕ್ಕಿತು ಎಂಬುದು ಈಗ ನಮ್ಮ ಕಣ್ಣ ಮುಂದಿದೆ. ಹಾಗಾಗಿ ಅದನ್ನೇ ಇಟ್ಟುಕೊಂಡು ನೋಡುತ್ತೇನೆ.

ತಪ್ಪು ಕಲ್ಪನೆ: ತಂಡ ಬದಲಿಸಿ ಎಂದು ಹಟ ಹಿಡಿಯುವುದು ಈಚಿನ ಆಟಗಾರರ ಚಾಳಿ

ಹಳೆಯ ಕಾಲದ ಆಟಗಾರರು ತಂಡದ ಋಣಕ್ಕೆ ಕಟ್ಟುಬಿದ್ದು ಆಡುತ್ತಿದ್ದರು ಎನ್ನುವವರು ಕರೀಮ್ ಅಬ್ದುಲ್ ಜಬ್ಬಾರ್ ಕಥೆಯನ್ನು ಮರೆತಿರುತ್ತಾರೆ. 1971ರಲ್ಲಿ ಮಿಲ್ವಾಕಿ ಬಕ್ಸ್‌ಗೆ ಚಾಂಪಿಯನ್ ಪಟ್ಟ ತಂದುಕೊಟ್ಟ, ಅಲ್ಲೇ ಮೂರು ಸಲ ಅತ್ಯಮೂಲ್ಯ ಆಟಗಾರ ಎನಿಸಿಕೊಂಡ ಕರೀಮ್ 1974ರ ಅಕ್ಟೋಬರ್‌ನಲ್ಲಿ ತಮ್ಮನ್ನು ಬೇರೆಡೆ ಕಳಿಸುವಂತೆ ಆಡಳಿತವನ್ನು ಕೇಳಿದರು. ನ್ಯೂಯಾರ್ಕ್‌ನಲ್ಲಿ ಹುಟ್ಟಿ ಬೆಳೆದವರು, ಇಸ್ಲಾಂ ಸ್ವೀಕರಿಸಿದವರು. ಮಿಲ್ವಾಕಿಯ ಮೇಲೆ ಸಿಟ್ಟಿಲ್ಲ, ಆದರೆ ತಮ್ಮ ಬದುಕಿನ ರೀತಿಗೆ ಆ ಊರು ಹೊಂದುವುದಿಲ್ಲ ಎಂಬುದು ಅವರ ನಿಲುವು. ಇದು ತಿಂಗಳುಗಟ್ಟಲೆ ಗುಟ್ಟಾಗಿಯೇ ಉಳಿಯಿತು. 1975ರ ಮಾರ್ಚ್‌ನಲ್ಲಿ ವೀಕ್ಷಕ ವಿವರಣೆಗಾರ ಮಾರ್ವ್ ಆಲ್ಬರ್ಟ್ ಸುದ್ದಿ ಹೊರಹಾಕಿದರು. ಜೂನ್‌ನಲ್ಲಿ ಕರೀಮ್ ಲೇಕರ್ಸ್ ಸೇರಿದರು. ಅದಕ್ಕೂ ಮೊದಲು, 1968ರಲ್ಲಿ, ಅದೇ ವರ್ಷ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಗೆದ್ದಿದ್ದ ವಿಲ್ಟ್ ಚೇಂಬರ್ಲಿನ್ ಕೂಡ ಫಿಲಡೆಲ್ಫಿಯಾ ಬಿಟ್ಟು ಲೇಕರ್ಸ್‌ಗೆ ಬಂದಿದ್ದರು. ಸೆಂಟರ್‌ಗಳು ಊರು ಬದಲಿಸುವುದು ಈ ಲೀಗಿನ ಹುಟ್ಟುಗುಣ. ಈಚಿನ ತಲೆಮಾರನ್ನು ಅದಕ್ಕಾಗಿ ದೂರುವುದು ಅನ್ಯಾಯ.

ತಪ್ಪು ಕಲ್ಪನೆ: ಎಲ್ಲಿಗೆ ಹೋಗಬೇಕೆಂದು ಆಟಗಾರನೇ ತೀರ್ಮಾನಿಸುತ್ತಾನೆ

ನಮ್ಮಲ್ಲಿ ಐಪಿಎಲ್ ನೋಡಿ ಬೆಳೆದವರಿಗೆ ಹೀಗೆ ಅನ್ನಿಸುವುದು ಸಹಜ. ಅಲ್ಲಿ ಟ್ರೇಡ್ ನಡೆಯಬೇಕಾದರೆ ಆಟಗಾರನ ಒಪ್ಪಿಗೆ ಬೇಕೇ ಬೇಕು. 2021ರಲ್ಲಿ ನಮ್ಮ ರಾಬಿನ್ ಉತ್ತಪ್ಪ ರಾಜಸ್ಥಾನದಿಂದ ಚೆನ್ನೈಗೆ ಹೋದದ್ದು ಹಾಗೆಯೇ. ಎನ್‌ಬಿಎಯಲ್ಲಿ ಒಪ್ಪಿಗೆಯ ಪ್ರಶ್ನೆಯೇ ಸಾಮಾನ್ಯವಾಗಿ ಬರುವುದಿಲ್ಲ. ಟ್ರೇಡ್ ತಡೆಯುವ ಹಕ್ಕನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಬೇಕಾದರೆ ಲೀಗಿನಲ್ಲಿ ಎಂಟು ವರ್ಷ ಆಡಿರಬೇಕು, ಅದರಲ್ಲಿ ನಾಲ್ಕು ವರ್ಷ ಅದೇ ತಂಡದಲ್ಲಿ ಇದ್ದಿರಬೇಕು. ಅಂಥ ಹಕ್ಕು ಇರುವವರು ಬೆರಳೆಣಿಕೆಯಷ್ಟು ಮಂದಿ. ಹೊವಾರ್ಡ್ ಅವರಿಗೆ ಇರಲಿಲ್ಲ.

ಹಾಗಾದರೆ ಅವರ ಮಾತಿಗೆ ಅಷ್ಟು ಬೆಲೆ ಬಂದದ್ದು ಹೇಗೆ? ಒಪ್ಪಂದ ಮುಗಿಯುವ ದಿನಾಂಕದಿಂದ. 2011ರ ಡಿಸೆಂಬರ್‌ನಲ್ಲಿ ಹೊವಾರ್ಡ್ ತಾವು ಹೋಗಬಯಸುವ ತಂಡಗಳೆಂದು ನೆಟ್ಸ್, ಲೇಕರ್ಸ್, ಡಾಲಸ್ ಎಂಬ ಮೂರು ಹೆಸರು ಕೊಟ್ಟರು. ಅದು ಆಜ್ಞೆಯಲ್ಲ, ಎಚ್ಚರಿಕೆ. ಈ ಮೂರನ್ನು ಬಿಟ್ಟು ಬೇರೆ ತಂಡ ನನ್ನನ್ನು ಕೊಂಡರೆ, ಒಪ್ಪಂದ ಮುಗಿದ ದಿನ ನಾನು ಅಲ್ಲಿರುವುದಿಲ್ಲ ಎಂಬ ಸೂಚನೆ. ಕೆಲವೇ ತಿಂಗಳು ಆಡುವವನಿಗಾಗಿ ತನ್ನ ಎಳೆಯ ಆಟಗಾರರನ್ನೆಲ್ಲ ಧಾರೆ ಎರೆಯಲು ಯಾವ ಮ್ಯಾನೇಜರ್ ಮುಂದೆ ಬರುತ್ತಾನೆ? ಕೊಳ್ಳುವವರು ಕಡಿಮೆಯಾದರೆ ಮಾರುವವನ ಕೈ ಕಟ್ಟಿದಂತೆ. ಆಟಗಾರನ ಬಲ ಇರುವುದು ಇಷ್ಟರಲ್ಲೇ. ಕಾಗದದ ಮೇಲೆ ಎರಡು ವರ್ಷ ಬಾಕಿ ಇರುವವನ ಬೇಡಿಕೆಗೆ ಈ ತೂಕ ಇರುವುದಿಲ್ಲ.

ತಪ್ಪು ಕಲ್ಪನೆ: ಎರಡೂ ಕಡೆಯ ಸಂಬಳ ಸರಿಹೊಂದಿದರೆ ಟ್ರೇಡ್ ಆದಂತೆಯೇ

ಸಂಬಳದ ಮಿತಿ ದಾಟಿದ ತಂಡಗಳು ಕೊಡುವ ಮತ್ತು ಪಡೆಯುವ ಆಟಗಾರರ ಸಂಬಳ ಹೆಚ್ಚುಕಡಿಮೆ ಹೊಂದಬೇಕು ಎಂಬ ನಿಯಮ ನಿಜ. ಅದನ್ನು ಲೆಕ್ಕ ಹಾಕಿಕೊಡುವ ಸಾಧನಗಳೂ ಇವೆ. ಅಭಿಮಾನಿಗಳು ಹೆಸರುಗಳನ್ನು ಹಾಕಿ ಹಸಿರು ಗೆರೆ ಬಂದೊಡನೆ ಹಿಗ್ಗುತ್ತಾರೆ. ಆದರೆ ನಿಯಮ ಅಷ್ಟಕ್ಕೇ ಮುಗಿಯುವುದಿಲ್ಲ. ಬ್ರೂಕ್ಲಿನ್ ನೆಟ್ಸ್ ಉದಾಹರಣೆ ನೋಡಿ. 2012ರ ಜುಲೈನಲ್ಲಿ ಅವರು ಹೊವಾರ್ಡ್‌ಗೆ ಬದಲಾಗಿ ತಮ್ಮ ಸೆಂಟರ್ ಬ್ರೂಕ್ ಲೊಪೆಝ್ ಅವರನ್ನು ಕೊಡಲು ಸಿದ್ಧರಿದ್ದರು. ಲೊಪೆಝ್ ಅವರ ಒಪ್ಪಂದ ಮುಗಿದಿತ್ತು. ಆರ್ಲಾಂಡೊ ಹೂಂ ಅನ್ನಲಿಲ್ಲ. ನೆಟ್ಸ್ ಇನ್ನು ಕಾಯಲಾರದೆ ಲೊಪೆಝ್‌ಗೆ ನಾಲ್ಕು ವರ್ಷದ ಹೊಸ ಒಪ್ಪಂದ ಕೊಟ್ಟಿತು. ಅಲ್ಲಿಗೆ ಬಾಗಿಲು ಮುಚ್ಚಿತು: ಹಾಗೆ ಸಹಿ ಹಾಕಿದವರನ್ನು ಮುಂದಿನ ಜನವರಿ 15ರವರೆಗೆ ಟ್ರೇಡ್ ಮಾಡುವಂತಿರಲಿಲ್ಲ.

ಲೊಪೆಝ್ ಒಳ್ಳೆಯ ಆಯ್ಕೆಯಾಗಿದ್ದರು ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಮರುವರ್ಷವೇ ಅವರು ಆಲ್‌ಸ್ಟಾರ್ ಆದರು. ಅದರ ಮುಂದಿನ ಸೀಸನ್‌ನಲ್ಲಿ ಪಾದದ ಪೆಟ್ಟಿನಿಂದ 17 ಪಂದ್ಯಕ್ಕೇ ನಿಂತರು ಎಂಬುದನ್ನೂ ಸೇರಿಸಿ ಹೇಳಬೇಕು.

ತಪ್ಪು ಕಲ್ಪನೆ: ಕಾದಷ್ಟೂ ಬೆಲೆ ಏರುತ್ತದೆ

ಆರ್ಲಾಂಡೊ ಕಾದದ್ದಕ್ಕೆ ಕಾರಣವಿತ್ತು. 1996ರಲ್ಲಿ ಇದೇ ತಂಡದ ಸೆಂಟರ್ ಶಕೀಲ್ ಓನೀಲ್ ಒಪ್ಪಂದ ಮುಗಿಸಿಕೊಂಡು ಲೇಕರ್ಸ್‌ಗೆ ನಡೆದರು. ಆರ್ಲಾಂಡೊಗೆ ಬದಲಿಗೆ ಒಬ್ಬ ಆಟಗಾರನೂ ಸಿಗಲಿಲ್ಲ. ಆ ಗಾಯ ಹದಿನಾರು ವರ್ಷ ಕಳೆದರೂ ಆ ಊರಿನಲ್ಲಿ ಮಾಯ್ದಿರಲಿಲ್ಲ. ಇನ್ನೊಬ್ಬ ದೈತ್ಯನನ್ನು ಹೇಗಾದರೂ ಉಳಿಸಿಕೊಳ್ಳಬೇಕು ಎಂಬ ಹಂಬಲ ಆಡಳಿತಕ್ಕೂ ಇತ್ತು, ಜನರಿಗೂ ಇತ್ತು. 2012ರ ಮಾರ್ಚ್ 15ರಂದು, ಟ್ರೇಡ್ ಗಡುವಿನ ದಿನ, ಹೊವಾರ್ಡ್ ಒಪ್ಪಂದವನ್ನು ಬೇಗ ಮುಗಿಸಿಕೊಳ್ಳುವ ತಮ್ಮ ಹಕ್ಕನ್ನು ಬಿಟ್ಟುಕೊಟ್ಟು ಇನ್ನೊಂದು ವರ್ಷ ಇರಲು ಸಹಿ ಹಾಕಿದಾಗ ತಂಡ ಗೆದ್ದಂತೆ ಕಂಡಿತು.

ಮೂರು ವಾರ ಕಳೆಯಿತು. ಏಪ್ರಿಲ್ 5ರ ಬೆಳಿಗ್ಗೆ ಅಭ್ಯಾಸದ ಹೊತ್ತಿನಲ್ಲಿ ಕೋಚ್ ಸ್ಟ್ಯಾನ್ ವ್ಯಾನ್ ಗಂಡಿ ವರದಿಗಾರರ ನಡುವೆ ನಿಂತಿದ್ದರು, ಕೈಯಲ್ಲೊಂದು ಡಯಟ್ ಪೆಪ್ಸಿ ಡಬ್ಬಿ. ನಿಮ್ಮನ್ನು ತೆಗೆಯುವಂತೆ ಹೊವಾರ್ಡ್ ಕೇಳಿದ್ದು ನಿಜವೇ ಎಂಬ ಪ್ರಶ್ನೆ ಬಂತು. ನಿಜ, ಮೇಲಿನವರೇ ತಮಗೆ ಹೇಳಿದ್ದಾರೆ ಎಂದು ವ್ಯಾನ್ ಗಂಡಿ ನೇರವಾಗಿ ಉತ್ತರಿಸಿದರು. ಅಷ್ಟರಲ್ಲಿ ಹೊವಾರ್ಡ್ ಬಂದರು. ಅಲ್ಲಿ ಆಗತಾನೇ ಆಡಿದ ಮಾತಿನ ಅರಿವಿಲ್ಲದೆ ಕೋಚ್ ಹೆಗಲ ಮೇಲೆ ಕೈ ಹಾಕಿ ನಗುತ್ತ ನಿಂತರು. ವ್ಯಾನ್ ಗಂಡಿ ಪೆಪ್ಸಿ ಗುಟುಕರಿಸಿ, ಮುಂದಿನ ಪ್ರಶ್ನೆಗಳನ್ನು ಅವರಿಗೇ ಬಿಟ್ಟು ಹೊರಟುಹೋದರು. ಕ್ಯಾಮೆರಾಗಳೆದುರು ಒಂದು ತಂಡ ಹೀಗೆ ಬಿರುಕು ಬಿಟ್ಟದ್ದನ್ನು ನೋಡಿದವರಿಗೆ ಸಂಕಟವಾಗದಿರಲು ಸಾಧ್ಯವಿರಲಿಲ್ಲ. ಅದೇ ತಿಂಗಳು ಹೊವಾರ್ಡ್ ಬೆನ್ನಿನ ಡಿಸ್ಕ್ ಶಸ್ತ್ರಚಿಕಿತ್ಸೆಗೆ ಒಳಗಾದರು. ಲಂಡನ್ ಒಲಿಂಪಿಕ್ಸ್ ತಪ್ಪಿತು. ಮೇ ತಿಂಗಳಲ್ಲಿ ಕೋಚ್ ಕೆಲಸ ಹೋಯಿತು, ಜನರಲ್ ಮ್ಯಾನೇಜರ್ ಓಟಿಸ್ ಸ್ಮಿತ್ ಕೂಡ ಹೊರನಡೆದರು.

ಹೊಸ ಮ್ಯಾನೇಜರ್ ರಾಬ್ ಹೆನಿಗನ್ ಮಾರಲು ಕುಳಿತಾಗ ಅವರ ಕೈಯಲ್ಲಿದ್ದುದು ಬೆನ್ನಿಗೆ ಚಾಕು ತಾಗಿದ, ಒಂದೇ ವರ್ಷದ ಒಪ್ಪಂದ ಉಳಿದಿದ್ದ, ಆಮೇಲೂ ನಿಮ್ಮಲ್ಲೇ ಇರುತ್ತೇನೆ ಎಂದು ಯಾರಿಗೂ ಮಾತು ಕೊಡದ ಸೆಂಟರ್. ಕಾದದ್ದರಿಂದ ಬೆಲೆ ಏರಲಿಲ್ಲ, ಇಳಿಯಿತು. ಮಿಲ್ವಾಕಿಯ ಆಡಳಿತ ಈ ವಿಷಯದಲ್ಲಿ ಜಾಣತನ ತೋರಿತ್ತು ಎಂದು ನನ್ನ ಅನಿಸಿಕೆ: ಕೋರಿಕೆಯನ್ನು ಗುಟ್ಟಾಗಿಟ್ಟು, ಸೀಸನ್ ಮುಗಿಯುತ್ತಿದ್ದಂತೆ ಎಲ್ಮೋರ್ ಸ್ಮಿತ್, ಬ್ರಯಾನ್ ವಿಂಟರ್ಸ್, ಡೇವ್ ಮೇಯರ್ಸ್, ಜೂನಿಯರ್ ಬ್ರಿಜ್‌ಮನ್ ಎಂಬ ನಾಲ್ವರನ್ನು ಪಡೆಯಿತು. ವಿಂಟರ್ಸ್ ಮತ್ತು ಬ್ರಿಜ್‌ಮನ್ ಇಬ್ಬರ ಜೆರ್ಸಿ ಸಂಖ್ಯೆಗಳನ್ನೂ ಬಕ್ಸ್ ಬೇರೆ ಯಾರಿಗೂ ಕೊಡದೆ ಗೌರವದಿಂದ ಕಾದಿರಿಸಿದೆ.

ತಪ್ಪು ಕಲ್ಪನೆ: ಅತಿ ದೊಡ್ಡ ಹೆಸರು ಯಾರ ಕಡೆಗೆ ಹೋಯಿತೋ ಟ್ರೇಡ್ ಗೆದ್ದವರು ಅವರೇ

ಎಲ್ಲಕ್ಕಿಂತ ಬೇರು ಬಿಟ್ಟ ನಂಬಿಕೆ ಇದು. ಹೊವಾರ್ಡ್ ಟ್ರೇಡ್‌ನಲ್ಲಿ ಎರಡು ದೊಡ್ಡ ಹೆಸರುಗಳು ಇಬ್ಬರು ಸೆಂಟರ್‌ಗಳದ್ದೇ. 24 ವರ್ಷದ ಬೈನಮ್ ಆಗಷ್ಟೇ ಆಲ್‌ಸ್ಟಾರ್ ಆಗಿದ್ದವರು. ಅವರಿಗಾಗಿ ಇಗ್ವಡಾಲಾ, ವುಚೆವಿಚ್, ಹಾರ್ಕ್‌ಲೆಸ್ ಮೂವರನ್ನೂ ಒಂದು ಡ್ರಾಫ್ಟ್ ಹಕ್ಕನ್ನೂ ಬಿಟ್ಟುಕೊಟ್ಟ ಫಿಲಡೆಲ್ಫಿಯಾ ಪರವಾಗಿ ಅವರು ಒಂದೇ ಒಂದು ಪಂದ್ಯ ಆಡಲಿಲ್ಲ. ಮೊಣಕಾಲು ಕೈಕೊಟ್ಟಿತು.

ಲೇಕರ್ಸ್ ಕಡೆ ಕೋಬಿ ಬ್ರಯಂಟ್, ಸ್ಟೀವ್ ನ್ಯಾಶ್, ಪೌ ಗಸೋಲ್ ಜೊತೆ ಹೊವಾರ್ಡ್. ಹೆಸರು ಓದಿದರೆ ಸಾಕು, ಚಾಂಪಿಯನ್ ಎನ್ನಿಸುವ ಪಟ್ಟಿ. ಐದೇ ಪಂದ್ಯಕ್ಕೆ ಕೋಚ್ ಮೈಕ್ ಬ್ರೌನ್ ಕೆಲಸ ಕಳೆದುಕೊಂಡರು. ಪ್ಲೇಆಫ್ ಸಮೀಪಿಸಿದಾಗ ಕೋಬಿಯ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. 45 ಗೆಲುವು, 37 ಸೋಲು, ಮೊದಲ ಸುತ್ತಿನಲ್ಲೇ ಸ್ಯಾನ್ ಆಂಟೋನಿಯೊ ಎದುರು ನಾಲ್ಕಕ್ಕೆ ನಾಲ್ಕೂ ಸೋಲು. ರೀಬೌಂಡ್ (ಗುರಿ ತಪ್ಪಿ ಪುಟಿದ ಚೆಂಡು) ಹಿಡಿಯುವುದರಲ್ಲಿ ಪಂದ್ಯವಾರು ಸರಾಸರಿಯ ಲೆಕ್ಕದಲ್ಲಿ ಹೊವಾರ್ಡ್ ಲೀಗಿನಲ್ಲೇ ಮೊದಲಿಗರು, 12.4.

ಆ ಪಟ್ಟಿಯಲ್ಲಿ ಎರಡನೆಯ ಹೆಸರು ಯಾರದು ಗೊತ್ತೇ? ವುಚೆವಿಚ್, 11.9. ಚಿಪ್ಪು ಎನಿಸಿಕೊಂಡ ಗುಂಪಿನಲ್ಲಿ ಬಂದ ಮಾಂಟೆನೆಗ್ರೊದ ಆ ಹುಡುಗ 2012ರ ಡಿಸೆಂಬರ್ 31ರಂದು ಮಯಾಮಿ ಎದುರು 29 ರೀಬೌಂಡ್ ಹಿಡಿದು ಓನೀಲ್ ಹೆಸರಿನಲ್ಲಿದ್ದ ಆರ್ಲಾಂಡೊ ದಾಖಲೆ ಮುರಿದರು. 2019 ಮತ್ತು 2021ರಲ್ಲಿ ಆಲ್‌ಸ್ಟಾರ್ ಆದರು. 2021ರ ಮಾರ್ಚ್‌ನಲ್ಲಿ ಅವರನ್ನು ಶಿಕಾಗೊಗೆ ಕೊಟ್ಟಾಗ ಆರ್ಲಾಂಡೊಗೆ ಸೆಂಟರ್ ವೆಂಡೆಲ್ ಕಾರ್ಟರ್ ಜೂನಿಯರ್ ಅಲ್ಲದೆ ಎರಡು ಮೊದಲ ಸುತ್ತಿನ ಡ್ರಾಫ್ಟ್ ಹಕ್ಕುಗಳು ಬಂದವು. ಅದರಲ್ಲೊಂದರಿಂದ ಆರಿಸಿಕೊಂಡದ್ದು ಜರ್ಮನಿಯ ಫ್ರಾನ್ಸ್ ವ್ಯಾಗ್ನರ್ ಅವರನ್ನು. 2024ರಲ್ಲಿ 47 ಪಂದ್ಯ ಗೆದ್ದು ಪ್ಲೇಆಫ್ ಮುಟ್ಟಿದ ತಂಡದ ಆಧಾರಸ್ತಂಭಗಳಲ್ಲಿ ಅವರೊಬ್ಬರು. 2012ರ ಆಗಸ್ಟ್‌ನ ಕೊಂಡಿ ಹೀಗೆ ಹನ್ನೆರಡು ವರ್ಷ ಎಳೆದಿದೆ.

ಆದ್ದರಿಂದ ಆರ್ಲಾಂಡೊ ಗೆದ್ದಿತು ಎನ್ನೋಣವೇ? ಹಾಗೆಂದರೆ ಇನ್ನೊಂದು ತಪ್ಪು ಕಲ್ಪನೆ ಹುಟ್ಟುತ್ತದೆ. ಟ್ರೇಡ್ ಆದ ಮೊದಲ ಸೀಸನ್‌ನಲ್ಲಿ ಆ ತಂಡ ಗೆದ್ದದ್ದು 20 ಪಂದ್ಯ, ಸೋತದ್ದು 62. 2019ರವರೆಗೆ ಪ್ಲೇಆಫ್ ಕಾಣಲಿಲ್ಲ. ಆ ವರ್ಷಗಳಲ್ಲಿ ಟಿಕೆಟ್ ಕೊಂಡು ಕ್ರೀಡಾಂಗಣಕ್ಕೆ ಬಂದ ಅಭಿಮಾನಿಗೆ ಮುಂದೆಂದೋ ಬರಲಿರುವ ವ್ಯಾಗ್ನರ್ ಹೆಸರು ಹೇಳಿ ಸಮಾಧಾನ ಮಾಡಲಾಗುತ್ತಿರಲಿಲ್ಲ. ಕರೀಮ್ ಟ್ರೇಡ್‌ನಲ್ಲೂ ಹೀಗೆಯೇ. ಅವರು ಬಂದ ಮೊದಲ ವರ್ಷ ಲೇಕರ್ಸ್ ಪ್ಲೇಆಫ್ ತಲುಪಲಿಲ್ಲ. ಅವರನ್ನು ಕಳೆದುಕೊಂಡ ಮಿಲ್ವಾಕಿ ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆಯಿತು. ಆದರೆ 1980ರಿಂದ 1988ರ ನಡುವೆ ಕರೀಮ್ ಇದ್ದ ಲೇಕರ್ಸ್ ಐದು ಸಲ ಚಾಂಪಿಯನ್ ಆಯಿತು, ಮಿಲ್ವಾಕಿ ಮುಂದಿನ ಕಿರೀಟಕ್ಕೆ 2021ರವರೆಗೆ ಕಾಯಬೇಕಾಯಿತು. ಒಂದು ವರ್ಷಕ್ಕೆ ಲೆಕ್ಕ ನಿಲ್ಲಿಸಿದರೆ ಒಂದು ಉತ್ತರ, ಹತ್ತು ವರ್ಷಕ್ಕೆ ನಿಲ್ಲಿಸಿದರೆ ಇನ್ನೊಂದು.

ತಪ್ಪು ಕಲ್ಪನೆ: ಎಲ್ಲ ದುಡ್ಡಿಗಾಗಿ

2013ರ ಬೇಸಿಗೆಯಲ್ಲಿ ಹೊವಾರ್ಡ್ ಒಪ್ಪಂದ ಮುಗಿಯಿತು. ದಯವಿಟ್ಟು ಇರು ಎಂದು ಲಾಸ್ ಏಂಜಲೀಸ್‌ನಲ್ಲಿ ಲೇಕರ್ಸ್ ದೊಡ್ಡ ದೊಡ್ಡ ಫಲಕ ಹಾಕಿಸಿತು. ಅವರು ಕೊಡಬಹುದಾಗಿದ್ದುದು ಐದು ವರ್ಷಕ್ಕೆ ಸುಮಾರು 11.8 ಕೋಟಿ ಡಾಲರ್. ಹೊವಾರ್ಡ್ ಆರಿಸಿಕೊಂಡದ್ದು ಹ್ಯೂಸ್ಟನ್ ರಾಕೆಟ್ಸ್, ನಾಲ್ಕು ವರ್ಷಕ್ಕೆ ಸುಮಾರು 8.8 ಕೋಟಿ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲದ್ದರಿಂದ ಅಂತರ ಸ್ವಲ್ಪ ತಗ್ಗುತ್ತದೆ, ಅಳಿಸಿಹೋಗುವುದಿಲ್ಲ. ಲೇಕರ್ಸ್‌ಗೆ ಬದಲಿಗೆ ಯಾರೂ ಸಿಗಲಿಲ್ಲ.

ಹ್ಯೂಸ್ಟನ್ ಹಿಂದಿನ ಬೇಸಿಗೆಯಲ್ಲೇ ಹೊವಾರ್ಡ್‌ಗಾಗಿ ಟ್ರೇಡ್ ಮಾಡಲು ಎಳೆಯ ಆಟಗಾರರನ್ನೂ ಡ್ರಾಫ್ಟ್ ಹಕ್ಕುಗಳನ್ನೂ ಒಟ್ಟುಮಾಡಿಟ್ಟುಕೊಂಡಿತ್ತು. ಆರ್ಲಾಂಡೊ ಅದನ್ನು ಒಪ್ಪಲಿಲ್ಲ. ಹ್ಯೂಸ್ಟನ್ ಸೋತಿತು ಎಂದೇ ಅಂದು ಬರೆದರು. ಒಪ್ಪಿದ್ದರೆ ಕೂಡಿಟ್ಟದ್ದೆಲ್ಲ ಅಲ್ಲೇ ಖರ್ಚಾಗಿಬಿಡುತ್ತಿತ್ತು. ಖರ್ಚಾಗದೆ ಉಳಿದ ಜೆರೆಮಿ ಲ್ಯಾಂಬ್, ಕೆವಿನ್ ಮಾರ್ಟಿನ್ ಮತ್ತು ಟೊರಾಂಟೊದಿಂದ ಪಡೆದಿದ್ದ ಮೊದಲ ಸುತ್ತಿನ ಹಕ್ಕು ಸೇರಿದಂತೆ ಕೆಲವನ್ನು ಕೊಟ್ಟು ಹ್ಯೂಸ್ಟನ್ 2012ರ ಅಕ್ಟೋಬರ್‌ನಲ್ಲಿ ಒಕ್ಲಹೋಮಾ ಸಿಟಿಯಿಂದ ಜೇಮ್ಸ್ ಹಾರ್ಡನ್ ಅವರನ್ನು ತಂದಿತು. ಮರುವರ್ಷ ಲೇಕರ್ಸ್‌ಗೆ ಒಬ್ಬ ಆಟಗಾರನನ್ನೂ ಕೊಡದೆ ಹೊವಾರ್ಡ್ ಅವರನ್ನೂ ತಂದಿತು. ಹಾರ್ಡನ್ 2018ರಲ್ಲಿ ಅತ್ಯಮೂಲ್ಯ ಆಟಗಾರರಾದರು. ಟೊರಾಂಟೊದ ಆ ಹಕ್ಕನ್ನು ಬಳಸಿ ಒಕ್ಲಹೋಮಾ ಸಿಟಿ 2013ರ ಡ್ರಾಫ್ಟ್‌ನ 12ನೆಯ ಆಯ್ಕೆಯಾಗಿ ನ್ಯೂಜಿಲೆಂಡ್‌ನ ಸ್ಟೀವನ್ ಆಡಮ್ಸ್ ಅವರನ್ನು ತೆಗೆದುಕೊಂಡಿತು. ಅವರೂ ಸೆಂಟರ್, ಏಳು ವರ್ಷ ಅಲ್ಲೇ ಆಡಿದರು.