ನಾಲಗೆಗೆ ಬಿದ್ದ ಜೇನಹನಿ

ಜೈನ ಪರಂಪರೆಯಲ್ಲಿ ಮಧುಬಿಂದುವಿನ ದೃಷ್ಟಾಂತ ಬಹು ಪ್ರಸಿದ್ಧ. ಕಾಡಾನೆ ಬೆನ್ನಟ್ಟಲು ಓಡಿದ ಪಥಿಕನೊಬ್ಬ ಹಾಳುಬಾವಿಯೊಳಗೆ ಮರದ ಬೇರು ಹಿಡಿದು ತೂಗಾಡುತ್ತಾನೆ. ಕೆಳಗೆ ಹೆಬ್ಬಾವು ಬಾಯ್ದೆರೆದಿದೆ. ಬಿಳಿ, ಕರಿ ಇಲಿಗಳು ಬೇರನ್ನು ಕಡಿಯುತ್ತಿವೆ. ಅಷ್ಟರಲ್ಲಿ ಮೇಲಿನ ಜೇನುಗೂಡಿನಿಂದ ಹನಿಯೊಂದು ನಾಲಗೆಗೆ ಬೀಳುತ್ತದೆ. ಆಗಸದಲ್ಲಿ ಸಾಗುತ್ತಿದ್ದ ವಿದ್ಯಾಧರನು ಕರುಣೆಯಿಂದ ಕೈನೀಡಿದರೂ ಆತ ‘ಇನ್ನೊಂದು ಹನಿ’ ಎನ್ನುತ್ತಲೇ ಉಳಿಯುತ್ತಾನೆ.

ಇಂದು ಹದಿಹರೆಯದವರ ಕೈಸೇರುತ್ತಿರುವ ಇ–ಸಿಗರೇಟು ಅಂಥದೇ ಜೇನಹನಿ. ಮಾವು, ಪುದೀನ, ಸ್ಟ್ರಾಬೆರಿಗಳ ಪರಿಮಳ, ಬೆಂಕಿಯಿಲ್ಲ, ಬೂದಿಯಿಲ್ಲ, ‘ಇದು ಬರಿಯ ಆವಿ’ ಎಂಬ ಸಮಾಧಾನ ಬೇರೆ. ಆದರೆ ಆ ಆವಿಯ ಮೊದಲ ಆಘಾತ ಬಾಯಿಗೆ. ಅದರಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ತೇವವನ್ನು ಹೀರಿ ಬಾಯನ್ನು ಒಣಗಿಸುತ್ತದೆ. ಆಮ್ಲವನ್ನು ಶಮನಗೊಳಿಸಿ ಹಲ್ಲನ್ನು ಕಾಯುವುದು ಜೊಲ್ಲು. ಅದು ಬತ್ತಿದರೆ ಕಾವಲು ತಪ್ಪಿದಂತೆ. ಗ್ಲಿಸರಿನ್ ಮತ್ತು ಸಿಹಿಕಾರಕಗಳು ಬೆರೆತ ಆವಿ ಹಲ್ಲಿಗೆ ಅಂಟಿ, ಹುಳುಕು ತರುವ ಬ್ಯಾಕ್ಟೀರಿಯಾಗಳಿಗೆ ನೆಲೆ ಒದಗಿಸುತ್ತದೆ.

ನಿಕೋಟಿನ್‌ನ ಕೆಲಸ ಇನ್ನೂ ಗುಪ್ತವಾದುದು. ಒಸಡಿಗೆ ರೋಗ ತಗಲಿದಾಗ ಹಲ್ಲುಜ್ಜುವಾಗ ರಕ್ತ ಒಸರುವುದು ದೇಹ ನೀಡುವ ಎಚ್ಚರಿಕೆ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಆ ಎಚ್ಚರಿಕೆಯೇ ಅಡಗಿಬಿಡಬಹುದು. ಹೊರಗೆ ಒಸಡು ಸ್ವಸ್ಥವಾಗಿ ಕಾಣುತ್ತಿರುವಾಗಲೇ ಒಳಗೆ ಹಲ್ಲನ್ನು ಹಿಡಿದ ಮೂಳೆ ಸವೆಯುತ್ತಿರುತ್ತದೆ. ಬೇರು ಕಡಿಯುವ ಇಲಿಗಳ ಸದ್ದು ಸವಿಯಲ್ಲಿ ಮುಳುಗಿದವನಿಗೆ ಕೇಳಿಸದು. ಈ ಎಚ್ಚರಗೇಡಿತನವನ್ನೇ ಜಿನಧರ್ಮವು ಪ್ರಮಾದವೆಂದು ಕರೆದಿದೆ.

ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಭೋಗೋಪಭೋಗಪರಿಮಾಣ ವ್ರತವನ್ನು ವಿವರಿಸುತ್ತ, ತನಗೆ ಅನಿಷ್ಟವಾದುದನ್ನು ಶ್ರಾವಕನು ತ್ಯಜಿಸಬೇಕೆಂದಿದ್ದಾರೆ. ದೇಹಕ್ಕೆ ಕೇಡು ತರುವುದೂ ಅನಿಷ್ಟವೇ. ಹಿಂಸೆಯ ಸಾಧನವನ್ನು ಇನ್ನೊಬ್ಬರ ಕೈಗಿಡುವ ಹಿಂಸಾದಾನವನ್ನು ಅವರು ಅನರ್ಥದಂಡಗಳಲ್ಲಿ ಎಣಿಸಿದ್ದಾರೆ. ‘ಒಮ್ಮೆ ಸೇದಿ ನೋಡು’ ಎಂದು ಗೆಳೆಯನಿಗೆ ಆ ಕೊಳವೆಯನ್ನು ಚಾಚುವವನು ಈ ಮಾತನ್ನು ನೆನೆಯಬೇಕು. ಕರ್ನಾಟಕವು 2016ರಲ್ಲಿಯೇ ಇ–ಸಿಗರೇಟನ್ನು ನಿಷೇಧಿಸಿತು. 2019ರ ಕೇಂದ್ರ ಕಾಯ್ದೆಯು ದೇಶದಾದ್ಯಂತ ಅದರ ತಯಾರಿಕೆ, ಆಮದು, ಮಾರಾಟ, ಜಾಹೀರಾತುಗಳನ್ನು ತಡೆದಿದೆ. ಆದರೂ ಕಾನೂನು ಅಂಗಡಿಯ ಬಾಗಿಲನ್ನು ಮುಚ್ಚೀತು. ನಾಲಗೆಯ ಬಾಗಿಲಿಗೆ ಸಂಯಮವೇ ಅಗುಳಿ.

ಅಂಟಿದ ಚಟ ಒಂದೇ ದಿನಕ್ಕೆ ಬಿಡದು ಎಂಬವರಿಗೂ ಆಚಾರ್ಯರಲ್ಲಿ ದಾರಿಯಿದೆ. ಜೀವನಪರ್ಯಂತದ ತ್ಯಾಗ ಯಮ. ಕಾಲಮಿತಿಯ ತ್ಯಾಗ ನಿಯಮ. ಇಂದಿನ ಒಂದು ದಿನಕ್ಕೆ, ಬಳಿಕ ಒಂದು ಪಕ್ಷಕ್ಕೆ ನಿಯಮ ಹಿಡಿದವನು ಯಮದತ್ತ ನಡೆಯಬಲ್ಲ. ಜೊತೆಗೆ ದಂತವೈದ್ಯರ ಬಳಿ ಸತ್ಯವನ್ನು ಮುಚ್ಚಿಡಬಾರದು. ರಕ್ತ ಒಸರದ ಒಸಡಿನ ಒಳಗುಟ್ಟನ್ನು ಅರಿಯಲು ಅವರಿಗೆ ಆ ಮಾತು ಬೇಕು. ಹೆತ್ತವರ ಗದರಿಕೆಗೆ ಅಂಜಿದ ಮಗುವು ಚಟವನ್ನು ಅಡಗಿಸುತ್ತದೆ. ಕರುಣೆಯ ಮಾತಿಗೆ ಬಾಯಿಬಿಡುತ್ತದೆ.

ದೃಷ್ಟಾಂತದ ವಿದ್ಯಾಧರನು ಪಥಿಕನನ್ನು ನಿಂದಿಸಲಿಲ್ಲ, ಕೈ ನೀಡಿದ. ಮನೆಯ ಹಿರಿಯರು ಮಾಡಬೇಕಾದುದೂ ಅಷ್ಟೇ. ಆ ಕೈಯನ್ನು ಹಿಡಿಯುವ ವಿವೇಕ ಮಾತ್ರ ಮಕ್ಕಳದು.