ಪದಪಟ್ಟಿಯ ಒಡೆತನ: ಕಿಟ್ಟೆಲ್ ನಿಘಂಟು ಮತ್ತು ಮುಕ್ತ ತಂತ್ರಾಂಶ

ಭಾಷೆಯ ಪದಗಳು ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ಅವುಗಳನ್ನು ಆಯ್ದು, ಜೋಡಿಸಿ, ಅರ್ಥ ಬರೆದ ನಿಘಂಟಿಗೆ ಒಡೆಯರಿರುತ್ತಾರೆ. ಮುದ್ರಣಯುಗದಲ್ಲಿ ಈ ಭೇದ ಅಷ್ಟಾಗಿ ಬಾಧಿಸಿರಲಿಲ್ಲ. ಗಣಕದಲ್ಲಿ ಕಾಗುಣಿತವನ್ನು ಪರೀಕ್ಷಿಸುವ ಮುಕ್ತ ತಂತ್ರಾಂಶಗಳು ಬಂದ ಮೇಲೆ ಅದು ಪ್ರಾಯೋಗಿಕ ತೊಡಕಾಗಿ ಪರಿಣಮಿಸಿದೆ.

ಹನ್‌ಸ್ಪೆಲ್ ತಂತ್ರಾಂಶಕ್ಕೆ ಎರಡು ಕಡತಗಳು ಬೇಕು. ಒಂದು ಪ್ರಕೃತಿಗಳ ಪಟ್ಟಿ, ಮತ್ತೊಂದು ಪ್ರತ್ಯಯ ನಿಯಮಗಳ ಪಟ್ಟಿ. ‘ಮನೆ’ ಎಂಬ ಒಂದು ಪ್ರಕೃತಿಯಿಂದ ‘ಮನೆಗೆ’, ‘ಮನೆಯಲ್ಲಿ’, ‘ಮನೆಗಳಲ್ಲಿಯೂ’ ಮುಂತಾದ ಹಲವು ರೂಪಗಳು ಹುಟ್ಟುವ ಕನ್ನಡದಲ್ಲಿ ಎರಡನೆಯದು ಬಹು ಮುಖ್ಯ. ನಿಯಮಗಳನ್ನು ವ್ಯಾಕರಣಜ್ಞರು ಹೊಸದಾಗಿ ಬರೆಯಬಹುದು. ಪ್ರಕೃತಿಗಳನ್ನು ಎಲ್ಲಿಂದಲಾದರೂ ತರಲೇಬೇಕು. ಸುಲಭವಾದ ಆಕರವೆಂದರೆ ನಿಘಂಟು. ಮುಕ್ತ ಪರವಾನಗಿಯು ಪ್ರತಿ ಮಾಡುವ, ತಿದ್ದುವ, ಹಂಚುವ ಹಕ್ಕನ್ನು ಎಲ್ಲರಿಗೂ ಕೊಡುತ್ತದೆ. ಆದರೆ ತನ್ನಲ್ಲಿಲ್ಲದ ಹಕ್ಕನ್ನು ಯಾರೂ ಕೊಡಲಾರರು. ಮೂಲ ತಿಳಿಯದ ಪಟ್ಟಿ ಎಷ್ಟೇ ಸಮೃದ್ಧವಾಗಿದ್ದರೂ ಅದನ್ನು ನಿಶ್ಚಿಂತೆಯಿಂದ ವಿತರಿಸಲಾಗದು.

ಈ ಸಮಸ್ಯೆಗೆ ಮದರಾಸಿನಲ್ಲಿಯೇ ಉತ್ತಮ ನಿದರ್ಶನವಿದೆ. ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಕಿಟ್ಟೆಲರು ೧೯೦೩ರಲ್ಲಿ ತೀರಿಕೊಂಡರು. ಭಾರತದಲ್ಲಿ ಕೃತಿಸ್ವಾಮ್ಯವು ಕರ್ತೃವಿನ ಮರಣಾನಂತರ ೬೦ ವರ್ಷಗಳವರೆಗೆ ಮಾತ್ರ ಇರುವುದರಿಂದ, ಯಾವ ಲೆಕ್ಕದಲ್ಲಿಯೂ ಈ ಗ್ರಂಥ ಸಾರ್ವಜನಿಕರದು. ಆದರೆ ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ಆವೃತ್ತಿಯನ್ನು ಮದರಾಸು ವಿಶ್ವವಿದ್ಯಾಲಯವು ೧೯೬೮ರಿಂದ ೧೯೭೧ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಇದರಲ್ಲಿ ಕಿಟ್ಟೆಲರ ಭಾಗ ಮುಕ್ತ. ಭಟ್ಟರು ಸೇರಿಸಿದ ಭಾಗ ಹಾಗಲ್ಲ. ವಿಶ್ವವಿದ್ಯಾಲಯವೇ ಪ್ರಥಮ ಒಡೆಯನೆಂದಾದರೆ, ಕಾಯಿದೆಯ ೨೮ಎ ಕಲಮಿನಂತೆ ಮೊದಲ ಸಂಪುಟದ ರಕ್ಷಣೆ ೨೦೨೮ರ ಕೊನೆಗೂ ಕಡೆಯದರದು ೨೦೩೧ರ ಕೊನೆಗೂ ಮುಗಿಯುತ್ತದೆ. ಒಡೆತನ ಪರಿಷ್ಕರ್ತರದೆಂದಾದರೆ ಲೆಕ್ಕವೇ ಬೇರೆ.

ಹಾಗಾದರೆ ೧೮೯೪ರ ಗ್ರಂಥವೊಂದೇ ಸಾಲದೆ? ಸಾಲದು. ಅದರಲ್ಲಿ ‘ಚಲನಚಿತ್ರ’, ‘ಗಣಕಯಂತ್ರ’ಗಳಂಥ ಪದಗಳು ಇರಲಾರವು. ಹಳಗನ್ನಡದ ರೂಪಗಳನ್ನು ವಿವೇಚನೆಯಿಲ್ಲದೆ ಸೇರಿಸಿದರೆ, ಇಂದಿನ ಬರಹದ ತಪ್ಪುಗಳು ಶುದ್ಧವೆಂದು ದಾಟಿಹೋಗುವ ಅಪಾಯವೂ ಉಂಟು. ಹೊಸಗನ್ನಡದ ಪದಸಂಪತ್ತನ್ನೂ ಒಳಗೊಂಡ, ೧೯೯೫ರಲ್ಲಿ ಎಂಟು ಸಂಪುಟಗಳಲ್ಲಿ ಪೂರ್ಣಗೊಂಡ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ರಕ್ಷಿತ ಕೃತಿ.

ಅರ್ಥಗಳನ್ನು ಬಿಟ್ಟು ಪದಗಳನ್ನಷ್ಟೇ ತೆಗೆದುಕೊಂಡರೆ ದೋಷವೇನು ಎಂಬ ವಾದವಿದೆ. ಭಾರತೀಯ ಕಾಯಿದೆಯಲ್ಲಿ ಸಂಕಲನಗಳೂ ಗಣಕದ ದತ್ತಸಂಚಯಗಳೂ ಸಾಹಿತ್ಯಕೃತಿಗಳೇ. ಈಸ್ಟರ್ನ್ ಬುಕ್ ಕಂಪನಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೭ರಲ್ಲಿ ಬರಿಯ ಪರಿಶ್ರಮದಿಂದ ಕೃತಿಸ್ವಾಮ್ಯ ಹುಟ್ಟದು, ಕಿಂಚಿತ್ತಾದರೂ ಸೃಜನಶೀಲ ವಿವೇಚನೆ ಬೇಕು ಎಂದು ತೀರ್ಮಾನಿಸಿತು. ಆದರೆ ಯಾವ ಪ್ರಾದೇಶಿಕ ರೂಪವನ್ನು ಒಪ್ಪಬೇಕು, ಯಾವ ಸಮಾಸವನ್ನು ಸ್ವತಂತ್ರ ಪದವೆನ್ನಬೇಕು ಎಂಬ ನಿಘಂಟುಕಾರನ ನಿರ್ಣಯಗಳೆಲ್ಲ ವಿವೇಚನೆಯ ಫಲಗಳೇ. ಆದುದರಿಂದ ಈ ವಾದವನ್ನು ನಂಬಿ ಇಡೀ ಪಟ್ಟಿಯನ್ನು ಎತ್ತಿಕೊಳ್ಳುವುದು ಕ್ಷೇಮವಲ್ಲ.

ಇದಕ್ಕೆ ಪರಿಹಾರ ಕನ್ನಡದಲ್ಲಿಯೇ ದೊರೆತಿದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಸಂಪಾದಿಸಿದ, ಒಂದೂವರೆ ಲಕ್ಷಕ್ಕೂ ಮಿಕ್ಕ ಉಲ್ಲೇಖಗಳುಳ್ಳ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು ೨೦೧೯ರಲ್ಲಿ ಮುಕ್ತ ದತ್ತಾಂಶ ಪರವಾನಗಿಯಡಿ ಬಿಡುಗಡೆಯಾಯಿತು. ಮೂಲವನ್ನು ಹೆಸರಿಸುವುದು, ತಿದ್ದಿ ಪ್ರಕಟಿಸಿದ ಸಂಚಯವನ್ನು ಅದೇ ಷರತ್ತಿನಲ್ಲಿ ಹಂಚುವುದು ಇದರ ನಿಬಂಧನೆಗಳು. ಇಲ್ಲಿಯೂ ಎಚ್ಚರ ಬೇಕು: ಮುಕ್ತ ಪರವಾನಗಿಗಳೆಲ್ಲ ಪರಸ್ಪರ ಹೊಂದುವುದಿಲ್ಲ, ಭಿನ್ನ ಷರತ್ತುಗಳ ಎರಡು ಪಟ್ಟಿಗಳನ್ನು ಬೆರೆಸಿದರೆ ಎರಡಕ್ಕೂ ಭಂಗ ಬರಬಹುದು.

ಪ್ರತಿಯೊಂದು ಪದಪಟ್ಟಿಯೂ ತನ್ನ ಆಕರವನ್ನು ಹೇಳಬೇಕು; ನಿಘಂಟು ಪ್ರಕಟಿಸಿದ ಸಂಸ್ಥೆಗಳು ತಮ್ಮ ಹಕ್ಕಿನ ಸ್ಥಿತಿಯನ್ನು ಸ್ಪಷ್ಟಪಡಿಸಬೇಕು. ಹಿರಿಯ ವಿದ್ವಾಂಸರು ಕೂಡಿಟ್ಟ ಪದಸಂಪತ್ತು ಗ್ರಂಥಾಲಯದ ಕಪಾಟಿನಲ್ಲಿ ಉಳಿಯುವುದೋ, ಕನ್ನಡ ಬರೆಯುವವರ ದಿನನಿತ್ಯದ ನೆರವಾಗುವುದೋ ಎಂಬುದು ಈ ಎರಡು ಕೆಲಸಗಳನ್ನು ಅವಲಂಬಿಸಿದೆ.