ಬ್ಯಾಟರಿ ಕೊಳ್ಳುವ ಮೊದಲು ಮೀಟರು

ಅಳತೆಯಿಲ್ಲದೆ ಸಂಸಾರ ಸಾಗದೆಂಬುದನ್ನು ಗೃಹಸ್ಥರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಬೇಳೆಯನ್ನು ತೂಗಿ ಕೊಳ್ಳುವೆವು. ಬಟ್ಟೆಯನ್ನು ಅಳೆದು ಕೊಳ್ಳುವೆವು. ಮಗುವಿನ ಮೈ ಬಿಸಿಯಾದರೆ ಔಷಧಕ್ಕೆ ಮೊದಲು ಥರ್ಮಾಮೀಟರನ್ನು ತೆಗೆಯುವೆವು. ಆದರೆ ಅಂಗಳದಲ್ಲಿ ನಿಂತ ಕಾರು ಒಂದು ಮುಂಜಾನೆ ಚಾಲೂ ಆಗದೆ ಹೋದರೆ ಮಾತ್ರ, ಏನನ್ನೂ ಅಳೆಯದೆ, “ಬ್ಯಾಟರಿ ಹೋಯಿತು” ಎಂದು ತೀರ್ಪು ಕೊಟ್ಟು, ಸಾವಿರಾರು ರೂಪಾಯಿ ತೆತ್ತು ಹೊಸದನ್ನು ತರುವೆವು. ಕೆಲವು ದಿನಗಳಲ್ಲಿ ಅದೂ ಮೌನ ತಾಳಿದಾಗ, ದೋಷವು ಬ್ಯಾಟರಿಯದಲ್ಲ, ಅದಕ್ಕೆ ಶಕ್ತಿ ತುಂಬುವ ಆಲ್ಟರ್ನೇಟರಿನದೋ ತುಕ್ಕು ಹಿಡಿದ ಒಂದು ತಂತಿಯದೋ ಎಂದು ತಿಳಿದುಬರುವುದು. ಈ ನಷ್ಟವನ್ನು ತಪ್ಪಿಸಬಲ್ಲ ಅಂಗೈಯಗಲದ ಉಪಕರಣವೇ ಮಲ್ಟಿಮೀಟರು. ಎಂತಹ ಮೀಟರನ್ನು ಕೊಳ್ಳಬೇಕು, ಕೊಂಡಮೇಲೆ ಅದನ್ನು ಏನು ಕೇಳಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ.

೨೦೨೧ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯ ಪಾಪಿನಾಯಕನಹಳ್ಳಿಯಂತಹ ಊರಿನವರಿಗೆ ಇದು ಬರಿಯ ಹಣದ ಮಾತಲ್ಲ. ಹೊಸಪೇಟೆಯಿಂದ ಬಳ್ಳಾರಿಯತ್ತ ಹೋಗುವ ಹೆದ್ದಾರಿಯ ಮೇಲಿರುವ ಈ ಊರಿನಲ್ಲಿ, ಅವೇಳೆಯಲ್ಲಿ ರೋಗಿಯನ್ನು ಹೊಸಪೇಟೆಗೆ ಒಯ್ಯಬೇಕಾದಾಗ ಗಾಡಿ ಏಳಲೊಲ್ಲದೆ ನಿಂತರೆ ಮನೆಮಂದಿಯ ಪಾಡು ಏನಾದೀತೆಂಬುದನ್ನು ಊಹಿಸಬಹುದು. ಮೇಲಾಗಿ ಈ ಸೀಮೆಯು ಬ್ಯಾಟರಿಗೆ ಹಿತವಾದುದಲ್ಲ. ಬೇಸಗೆಯ ತಾಪವು ೪೦ ಡಿಗ್ರಿಯನ್ನು ದಾಟುವುದುಂಟು. ಬಿಸಿ ಹೆಚ್ಚಿದಷ್ಟೂ ಬ್ಯಾಟರಿಯೊಳಗಿನ ಸೀಸದ ಫಲಕಗಳು ಬೇಗನೆ ಸವೆಯುವುವು, ನೀರು ಬೇಗನೆ ಇಂಗುವುದು. ಸಂಡೂರಿನ ಕಡೆಯ ಅದಿರಿನ ಕೆಂಧೂಳು ಬ್ಯಾಟರಿಯ ನೆತ್ತಿಯ ಮೇಲೆ ಕುಳಿತು, ತೇವದೊಡನೆ ಸೇರಿದರೆ, ಅದರ ಮೂಲಕವೇ ಸ್ವಲ್ಪ ಸ್ವಲ್ಪವಾಗಿ ವಿದ್ಯುತ್ತು ಸೋರಿಹೋಗುವುದು.

ಮಲ್ಟಿಮೀಟರು ಹೊಸ ವಸ್ತುವೇನಲ್ಲ. ಬ್ರಿಟಿಷ್ ಅಂಚೆ ಇಲಾಖೆಯ ಇಂಜಿನಿಯರನಾಗಿದ್ದ ಡೊನಾಲ್ಡ್ ಮೆಕಾಡಿ ಎಂಬಾತನು, ತಂತಿಗಳ ಪರೀಕ್ಷೆಗೆ ಹಲವು ಮೀಟರುಗಳನ್ನು ಹೊರಬೇಕಾದ ತೊಂದರೆಯನ್ನು ನೀಗಲು, ಆಂಪಿಯರು, ವೋಲ್ಟು, ಓಮ್ ಈ ಮೂರನ್ನೂ ಅಳೆಯುವ ಒಂದೇ ಉಪಕರಣವನ್ನು ಕಲ್ಪಿಸಿದನು. ಆ ಮೂರರ ಮೊದಲಕ್ಷರಗಳಿಂದ ‘ಆವೊ’ ಎಂಬ ಹೆಸರು ಪಡೆದು ಅದು ೧೯೨೩ರಲ್ಲಿ ಮಾರಾಟಕ್ಕೆ ಬಂದಿತು. ಈ ಮೂರು ಶಬ್ದಗಳಿಗೆ ಅಂಜಬೇಕಾದುದಿಲ್ಲ. ತುಂಗಭದ್ರಾ ಅಣೆಕಟ್ಟನ್ನು ನೆನೆಯಿರಿ: ನಿಂತ ನೀರಿನ ಎತ್ತರದಿಂದುಂಟಾಗುವ ಒತ್ತಡದಂತೆ ವೋಲ್ಟು, ಕಾಲುವೆಯಲ್ಲಿ ಹರಿಯುವ ನೀರಿನ ಪ್ರಮಾಣದಂತೆ ಆಂಪಿಯರು, ಆ ಹರಿವನ್ನು ತಡೆಯುವ ಹೂಳು ಜೊಂಡುಗಳಂತೆ ಓಮ್.

ಇನ್ನು ಆಯ್ಕೆಯ ವಿಷಯ. ಕಾರಿನ ವಿದ್ಯುತ್ತು ಡಿ.ಸಿ., ಎಂದರೆ ಒಂದೇ ಮುಖವಾಗಿ ಹರಿಯತಕ್ಕದ್ದು. ಆದುದರಿಂದ ಮೊದಲನೆಯದಾಗಿ, ಮೀಟರಿನಲ್ಲಿ ೨೦ ವೋಲ್ಟಿನವರೆಗೆ ಡಿ.ಸಿ. ಅಳೆಯುವ ಮಜಲಿದ್ದು, ದಶಾಂಶದ ಮುಂದೆ ಎರಡು ಅಂಕಿಗಳು ಕಾಣಬೇಕು. ೧೨.೬ಕ್ಕೂ ೧೨.೨ಕ್ಕೂ ಇರುವ ಅಂತರವೇ ಇಲ್ಲಿ ತುಂಬಿದ ಕೊಡಕ್ಕೂ ಅರೆಗೊಡಕ್ಕೂ ಇರುವ ಅಂತರ. ಸಾಧಾರಣ ಡಿಜಿಟಲ್ ಮೀಟರು ಇಷ್ಟನ್ನು ಚೆನ್ನಾಗಿ ಮಾಡುವುದು. ಮಜಲನ್ನು ತಾನೇ ಆರಿಸಿಕೊಳ್ಳುವ ಮೀಟರು ಹೊಸಬರಿಗೆ ಅನುಕೂಲ. ಕೈಯಿಂದ ತಿರುಗಿಸುವುದಾದರೂ ಕೊರತೆಯೇನಿಲ್ಲ.

ಎರಡನೆಯದಾಗಿ, ಮೀಟರಿನ ಒಳತಡೆ ೧೦ ಮೆಗಾ ಓಮ್ ಇದ್ದರೆ ಒಳ್ಳೆಯದು. ಅಂತಹ ಮೀಟರು ಗಾಡಿಯಿಂದ ತೀರ ಅಲ್ಪ ಪ್ರವಾಹವನ್ನು ಮಾತ್ರ ಎಳೆಯುವುದು. ಬಲ್ಬುಳ್ಳ ಟೆಸ್ಟ್ ಲ್ಯಾಂಪಾದರೋ ಹೆಚ್ಚು ಪ್ರವಾಹವನ್ನೆಳೆದು, ಈಗಿನ ಕಾರುಗಳ ಗಣಕದ ಸೂಕ್ಷ್ಮ ತಂತಿಗಳಿಗೆ ಕೇಡು ಮಾಡಬಹುದು. ಮೂರನೆಯದಾಗಿ, ತಂತಿ ಅಖಂಡವಾಗಿದ್ದರೆ ಸದ್ದು ಮಾಡುವ ಬಜರು ಇರಬೇಕು. ಕಣ್ಣು ತಂತಿಯ ಮೇಲಿರುವಾಗ ಕಿವಿಯು ಉತ್ತರವನ್ನು ಕೇಳಬಲ್ಲುದು.

ನಾಲ್ಕನೆಯದು ಅತಿ ಮುಖ್ಯ. ೧೦ ಆಂಪಿಯರಿನ ರಂಧ್ರವು ಫ್ಯೂಸಿನ ರಕ್ಷಣೆಯುಳ್ಳದ್ದಾಗಿರಬೇಕು. ಅಗ್ಗದ ಕೆಲವು ಮೀಟರುಗಳಲ್ಲಿ ಆ ರಂಧ್ರದ ಬಳಿಯೇ ‘ಅನ್‌ಫ್ಯೂಸ್ಡ್’ ಎಂದು ಬರೆದಿರುವುದು. ಅಂತಹುದನ್ನು ಅಂಗಡಿಯಲ್ಲೇ ಬಿಟ್ಟು ಬರತಕ್ಕದ್ದು. ಐದನೆಯದಾಗಿ, ತಂತಿಯನ್ನು ಬಳಸಿ ಹಿಡಿಯುವ ಕ್ಲ್ಯಾಂಪ್ ಮೀಟರನ್ನು ಬಯಸುವವರು, ಅದರ ಕ್ಲ್ಯಾಂಪು ಡಿ.ಸಿ. ಪ್ರವಾಹವನ್ನೂ ಅಳೆಯುವುದೇ ಎಂದು ಕೇಳಿ ಕೊಳ್ಳಬೇಕು. ಎ.ಸಿ.ಯನ್ನು ಮಾತ್ರ ಅಳೆಯುವ ಕ್ಲ್ಯಾಂಪು ಕಾರಿನ ಬ್ಯಾಟರಿಯ ಕೆಲಸಕ್ಕೆ ಬಾರದು. ಮನೆಯ ೨೩೦ ವೋಲ್ಟಿನ ತಂತಿಗಳಿಗೂ ಅದೇ ಮೀಟರನ್ನು ಬಳಸುವ ಯೋಚನೆಯಿದ್ದರೆ ‘ಕ್ಯಾಟ್ ೩, ೬೦೦ ವೋಲ್ಟ್’ ಎಂಬ ಗುರುತುಳ್ಳ, ನಂಬತಕ್ಕ ತಯಾರಕರದನ್ನೇ ಕೊಳ್ಳುವುದು ಲೇಸು. ಇವಿಷ್ಟಿದ್ದ ಮೇಲೆ, ಉಳಿದ ಹಣದಲ್ಲಿ ಗಟ್ಟಿ ತಂತಿಗಳನ್ನೂ ಕಚ್ಚಿ ಹಿಡಿಯುವ ಕ್ಲಿಪ್ಪುಗಳನ್ನೂ ಕೊಂಡರೆ ಸಾಕು.

ಮೀಟರು ಮನೆಗೆ ಬಂದಮೇಲೆ ಮೂರು ಪ್ರಶ್ನೆಗಳನ್ನು ಕೇಳಬೇಕು. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿಯ ಎರಡು ತುದಿಗಳ ನಡುವೆ ೧೨.೬ ವೋಲ್ಟು ಕಂಡರೆ ಅದು ತುಂಬಿದೆ; ೧೨.೨ ಆದರೆ ಅರ್ಧ. ೧೨ಕ್ಕಿಂತ ಕೆಳಗಾದರೆ ಬಹುಮಟ್ಟಿಗೆ ಬರಿದು. ಇದು ಮೊದಲನೆಯ ಪ್ರಶ್ನೆ. ಸೆಲ್ಫ್ ತಿರುಗುತ್ತಿರುವಾಗ ವೋಲ್ಟು ಎಷ್ಟಕ್ಕೆ ಇಳಿಯುವುದು? ತುಂಬಿದ ಬ್ಯಾಟರಿಯು ೯.೬ಕ್ಕಿಂತ ಕೆಳಗಿಳಿದರೆ ಅದರ ಬಲ ಕುಂದಿದೆಯೆಂದು ಸಂಶಯಿಸಬೇಕು. ಇದು ಎರಡನೆಯದು. ಇಂಜಿನು ಓಡುತ್ತಿರುವಾಗ ಎಷ್ಟು? ಸಾಮಾನ್ಯವಾಗಿ ೧೩.೮ರಿಂದ ೧೪.೫. ನಿಂತಾಗಿನ ಅಂಕಿಯೇ ಓಡುವಾಗಲೂ ಉಳಿದರೆ ಆಲ್ಟರ್ನೇಟರು ಕೆಲಸ ಮಾಡುತ್ತಿಲ್ಲ. ೧೫ನ್ನು ದಾಟಿದರೆ ಬ್ಯಾಟರಿಯನ್ನು ಬೇಯಿಸುತ್ತಿದೆ. ಈಚಿನ ಕೆಲವು ಕಾರುಗಳಲ್ಲಿ ಗಣಕವೇ ಆಲ್ಟರ್ನೇಟರನ್ನು ಆಳುವುದರಿಂದ ಅಂಕಿ ಏರಿಳಿಯುವುದು. ಅಲ್ಲಿ ದೀಪಗಳನ್ನು ಹಚ್ಚಿ ಮತ್ತೊಮ್ಮೆ ನೋಡತಕ್ಕದ್ದು. ೨೪ ವೋಲ್ಟಿನ ಲಾರಿಗಳಿಗೆ ಈ ಅಂಕಿಗಳೆಲ್ಲ ಇಮ್ಮಡಿ.

ಬ್ಯಾಟರಿಯೂ ಆಲ್ಟರ್ನೇಟರೂ ನೆಟ್ಟಗಿದ್ದು ಗಾಡಿ ಏಳದಿದ್ದರೆ, ದೋಷವು ನಡುವಣ ದಾರಿಯಲ್ಲಿರಬಹುದು. ಇಲ್ಲಿಯೇ ಹಲವರು ಮೋಸಹೋಗುವರು. ಸೆಲ್ಫಿನ ತಂತಿಯ ಕೂಡಿಕೆಯಲ್ಲಿ ಧೂಳು ತುಕ್ಕುಗಳಿಂದ ಓಮ್‌ನ ನೂರನೆಯ ಒಂದು ಭಾಗದಷ್ಟು ತಡೆ ಹುಟ್ಟಿತೆನ್ನೋಣ. ಓಮ್ ಮಜಲಿನಲ್ಲಿ ಅದು ಕಾಣುವುದೇ ಇಲ್ಲ. ಬಜರು ಕೂಡ ಸರಿಯೆಂದೇ ಕೂಗುವುದು. ಆದರೆ ಸೆಲ್ಫ್ ೧೫೦ ಆಂಪಿಯರನ್ನು ಎಳೆದಾಗ ಅಷ್ಟು ಸಣ್ಣ ತಡೆಯಲ್ಲೇ ಒಂದೂವರೆ ವೋಲ್ಟು ಕಳೆದುಹೋಗುವುದು! ಆದುದರಿಂದ ಕೆಲಸ ನಡೆಯುತ್ತಿರುವಾಗಲೇ ಅಳೆಯಬೇಕು. ಮೀಟರನ್ನು ವೋಲ್ಟಿನಲ್ಲಿಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಇಂಜಿನಿನ ಬರಿಯ ಲೋಹಕ್ಕೂ ತಗುಲಿಸಿ, ಇನ್ನೊಬ್ಬರಿಂದ ಸೆಲ್ಫ್ ಹೊಡೆಯಿಸಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ತಿನ ಕೂಡಿಕೆ ಕೆಟ್ಟಿದೆ. ಅದನ್ನು ಬಿಚ್ಚಿ, ಉಜ್ಜಿ, ಬಿಗಿದರೆ ಮುಗಿಯಿತು, ಖರ್ಚೇ ಇಲ್ಲ.

ಎರಡು ಮೂರು ದಿನ ನಿಂತ ಗಾಡಿಯ ಬ್ಯಾಟರಿ ಬರಿದಾಗುವುದಾದರೆ ಎಲ್ಲಿಯೋ ಸೋರಿಕೆಯುಂಟು. ಕೀಲಿಯನ್ನು ತೆಗೆದು, ಋಣ ತಂತಿಯನ್ನು ಬಿಚ್ಚಿ, ಆ ತಂತಿಗೂ ಬ್ಯಾಟರಿಯ ತುದಿಗೂ ನಡುವೆ ೧೦ ಆಂಪಿಯರಿನಲ್ಲಿಟ್ಟ ಮೀಟರನ್ನು ಸೇರಿಸಬೇಕು. ಬಾಗಿಲುಗಳನ್ನು ಮುಚ್ಚಿ, ಗಾಡಿಯ ಗಣಕಗಳು ನಿದ್ದೆಹೋಗುವಂತೆ ಅರ್ಧ ಗಂಟೆ ಕಾದಮೇಲೆ, ಸಾಮಾನ್ಯವಾಗಿ ಆಂಪಿಯರಿನ ಇಪ್ಪತ್ತನೆಯ ಒಂದು ಭಾಗಕ್ಕಿಂತ, ಎಂದರೆ ೫೦ ಮಿಲಿ ಆಂಪಿಯರಿಗಿಂತ, ಹೆಚ್ಚು ಹರಿಯಬಾರದು. ಅರ್ಧ ಆಂಪಿಯರು ಸೋರಿದರೂ ೩೫ ಆಂಪಿಯರ್-ಗಂಟೆಯ ಬ್ಯಾಟರಿ ಮೂರು ದಿನಗಳಲ್ಲಿ ಬರಿದಾಗುವುದು. ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತ ಹೋದರೆ, ಯಾವುದನ್ನು ತೆಗೆದಾಗ ಅಂಕಿ ಇಳಿಯುವುದೋ ಆ ದಾರಿಯಲ್ಲಿ ಕಳ್ಳನಿದ್ದಾನೆ.

ಕೆಲವು ಎಚ್ಚರಿಕೆಗಳನ್ನು ಮರೆಯಕೂಡದು. ಸೋರಿಕೆಯನ್ನು ಅಳೆಯುವಾಗ ಸೆಲ್ಫ್ ಹೊಡೆಯಬಾರದು, ಫ್ಯೂಸು ಸುಡುವುದು. ಆಂಪಿಯರಿನ ರಂಧ್ರದಲ್ಲಿದ್ದ ಕಡ್ಡಿಯನ್ನು ಮರಳಿ ವೋಲ್ಟಿನ ರಂಧ್ರಕ್ಕಿಡದೆ ಬ್ಯಾಟರಿಗೆ ಮುಟ್ಟಿಸಿದರೆ ನೇರವಾಗಿ ಶಾರ್ಟ್ ಆಗುವುದು. ವಿದ್ಯುತ್ತು ಇರುವ ತಂತಿಯಲ್ಲಿ ಓಮ್ ಅಳೆಯಬಾರದು. ಬ್ಯಾಟರಿಯಿಂದ ಹೊಮ್ಮುವ ಜಲಜನಕವು ಕಿಡಿಗೆ ಸಿಡಿಯುವುದರಿಂದ ಬಳಿಯಲ್ಲಿ ಬೀಡಿ, ಬೆಂಕಿಕಡ್ಡಿ ಬೇಡ. ಬೆರಳಿನ ಉಂಗುರವನ್ನೂ ಕೈಯ ಬಳೆಯನ್ನೂ ತೆಗೆದಿಡುವುದು ಕ್ಷೇಮ. ವಿದ್ಯುತ್ ಕಾರುಗಳಲ್ಲಿಯೂ ಹೈಬ್ರಿಡ್ ಕಾರುಗಳಲ್ಲಿಯೂ ಇರುವ ಕಿತ್ತಳೆ ಬಣ್ಣದ ತಂತಿಗಳು ಪ್ರಾಣಾಪಾಯಕರವಾದ ಒತ್ತಡವುಳ್ಳವು; ಅವುಗಳ ಗೊಡವೆಗೆ ಗೃಹಸ್ಥನು ಹೋಗಲೇ ಬಾರದು.

ಮೀಟರು ಮಿಸ್ತ್ರಿಯ ಸ್ಥಾನವನ್ನು ಹಿಡಿಯಲಾರದು. ಥರ್ಮಾಮೀಟರು ಇದ್ದ ಮಾತ್ರಕ್ಕೆ ವೈದ್ಯನು ಬೇಡವಾಗುವನೇ? ಆದರೆ “ಗಾಡಿ ಏಳುತ್ತಿಲ್ಲ, ನೋಡಿರಿ” ಎನ್ನುವುದಕ್ಕೂ, “ನಿಂತಾಗ ೧೨.೬, ಸೆಲ್ಫ್ ಹೊಡೆದಾಗ ೧೧, ಅರ್ತಿನಲ್ಲಿ ಒಂದೂವರೆ ವೋಲ್ಟು ಹೋಗುತ್ತಿದೆ” ಎನ್ನುವುದಕ್ಕೂ ಬಹಳ ಅಂತರವುಂಟು. ಎರಡನೆಯ ಮಾತನ್ನು ಕೇಳಿದ ಮಿಸ್ತ್ರಿಯು ನೇರವಾಗಿ ಅರ್ತಿನ ತಂತಿಗೆ ಕೈ ಹಾಕುವನು. ಹೊಸ ಬ್ಯಾಟರಿಯ ಮಾತೇ ಏಳದು. ಗಾಡಿ ಚೆನ್ನಾಗಿರುವ ದಿನವೇ ಈ ಅಂಕಿಗಳನ್ನು ಅಳೆದು, ತಾರೀಖಿನೊಡನೆ ಮನೆಯ ಲೆಕ್ಕದ ಪುಸ್ತಕದ ಒಂದು ಮೂಲೆಯಲ್ಲಿ ಬರೆದಿಡಿರಿ. ಆರೋಗ್ಯದ ದಿನದ ನಾಡಿಯನ್ನು ಬಲ್ಲವರಿಗೆ ರೋಗದ ದಿನದ ನಾಡಿ ಸುಲಭವಾಗಿ ತಿಳಿಯುವುದು.